ಸುಲಭಕ್ಕೇ ಬಹುಮಾನ ಕೊಟ್ಟರೆ ಮಕ್ಕಳು ಕಷ್ಟಕ್ಕೆ ಏಕೆ ಕೈ ಹಾಕುತ್ತಾರೆ? ಶಾಲೆಯೊಂದರ ಆಡಳಿತ ಮಂಡಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರೇ, ಆಡಳಿತ ಮಂಡಳಿಯ ಗೌರವಾನ್ವಿತ ಸದಸ್ಯರೇ,

ನಮಸ್ಕಾರಗಳು.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ತೀರ್ಪುಗಾರರಲ್ಲಿ ಒಬ್ಬನಾಗಿ ತಾವು ನನ್ನನ್ನು ಕರೆದಿದ್ದಿರಿ. ಅಂದಿನ ತೀರ್ಪಿನ ಬಗ್ಗೆ ನನ್ನ ಆಕ್ಷೇಪವನ್ನು ತೀರ್ಪುಗಾರರ ಕೋಣೆಯಲ್ಲೇ ಹೇಳಿದೆ. ಉಳಿದಿಬ್ಬರು ಒಪ್ಪಲಿಲ್ಲ. ಅನಂತರ ಕಚೇರಿಗೆ ಬರೆದೂ ಕೊಟ್ಟೆ. "ಮೌಲ್ಯಮಾಪನ ನಮೂನೆಯ ಪ್ರಕಾರವೇ ಬಹುಮಾನ ನೀಡಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂತು. ಆ ಉತ್ತರದಲ್ಲಿ ಸುಳ್ಳೇನೂ ಇಲ್ಲ. ನನ್ನ ತಕರಾರು ಇರುವುದು ಆ ನಮೂನೆಯ ಮೇಲೆಯೇ. ಬೇರೆ ಶಾಲೆಗಳ ಶಿಕ್ಷಕರೂ ಪೋಷಕರೂ ಓದಲಿ ಎಂದು ಈಗ ಬಹಿರಂಗವಾಗಿ ಬರೆಯುತ್ತಿದ್ದೇನೆ. ಶಾಲೆಯ ಹೆಸರಾಗಲಿ ಮಕ್ಕಳ ಹೆಸರಾಗಲಿ ಇಲ್ಲಿ ಬೇಕಿಲ್ಲ.

ಕಂಡದ್ದನ್ನು ಮೊದಲು ಹೇಳುತ್ತೇನೆ. ಬಾಗಿಲಿನ ಹತ್ತಿರದ ಮೇಜಿನ ಮೇಲೆ ಸೌರಶಕ್ತಿಯಿಂದ ನಡೆಯುವ ನೀರಾವರಿಯ ಮಾದರಿ ಇತ್ತು. ಹಸಿರು ಹಾಸು, ಪುಟ್ಟ ಪಂಪು, ಮಿನುಗುವ ದೀಪಗಳು, ಲ್ಯಾಮಿನೇಟ್ ಮಾಡಿಸಿದ ವಿವರಣೆ. ಏಳನೆಯ ತರಗತಿಯ ಹುಡುಗ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ. "ಫಲಕದ ಅರ್ಧಕ್ಕೆ ನೆರಳು ಬಿದ್ದರೆ ಪಂಪು ಏನಾಗುತ್ತದೆ?" ಎಂದು ಕೇಳಿದೆ. ಅವನು ಹಿಂದೆ ನಿಂತಿದ್ದ ತಂದೆಯ ಮುಖ ನೋಡಿದ. ತಂದೆ ಉತ್ತರಿಸಿದರು. ಹಾಗಾದರೆ ಫಲಕವನ್ನು ಅಂಗೈಯಿಂದ ಮುಚ್ಚಿ ನೋಡೋಣವೇ ಎಂದೆ. "ಬೇಡ ಸರ್, ತಂತಿ ಬಿಟ್ಟುಹೋದರೆ ಮತ್ತೆ ಜೋಡಿಸಲು ಅವನಿಗೆ ಬರುವುದಿಲ್ಲ" ಎಂದವರೂ ಅವರೇ.

ಕೊನೆಯ ಸಾಲಿನಲ್ಲಿ ಅದೇ ತರಗತಿಯ ಹುಡುಗಿಯೊಬ್ಬಳು ಹಳೆಯ ಪತ್ರಿಕೆಗಳನ್ನು ಬಿಗಿಯಾಗಿ ಸುತ್ತಿ ಕೊಳವೆ ಮಾಡಿ, ದಾರದಿಂದ ಬಿಗಿದು ಸೇತುವೆ ಕಟ್ಟಿದ್ದಳು. ನೋಡಲು ಸೊಟ್ಟಗಿತ್ತು. ಎರಡು ಕುರ್ಚಿಗಳ ನಡುವೆ ಅದನ್ನಿಟ್ಟು, ನಟ್ಟನಡುವೆ ತೂಗುಹಾಕಿದ ಚೀಲಕ್ಕೆ ಒಂದೊಂದೇ ಪುಸ್ತಕ ಇಳಿಸುತ್ತಾ ಹೋದಳು. ಚೀಲ ಅರ್ಧ ತುಂಬುವ ಹೊತ್ತಿಗೆ ಸೇತುವೆ ಒಂದು ಕಡೆ ಹರಿದು ಕುಸಿಯಿತು. ಅವಳಿಗೆ ಮುಜುಗರವೇನೂ ಆಗಲಿಲ್ಲ. "ಮೊದಲು ಚೌಕ ಚೌಕವಾಗಿ ಕಟ್ಟಿದ್ದೆ ಸರ್, ಪಕ್ಕಕ್ಕೆ ವಾಲುತ್ತಿತ್ತು. ಓರೆಯಾಗಿ ಒಂದೊಂದು ಕೊಳವೆ ಹಾಕಿದ ಮೇಲೆ ವಾಲುವುದು ನಿಂತಿತು. ಈಗ ಗಂಟಿನ ಹತ್ತಿರ ಕಾಗದ ಹರಿಯುತ್ತದೆ. ಏಕೆಂದು ಇನ್ನೂ ಗೊತ್ತಾಗಿಲ್ಲ" ಎಂದಳು. ಮೂರು ಬಾಹುಗಳ ಉದ್ದ ಗೊತ್ತಾದರೆ ತ್ರಿಕೋನದ ಆಕಾರ ಅಲ್ಲಿಗೆ ಖಾಯಂ. ಚೌಕವಾದರೋ ಬಾಹುಗಳ ಉದ್ದ ಕೂದಲೆಳೆಯಷ್ಟು ಬದಲಾಗದೆಯೂ ಪಕ್ಕಕ್ಕೆ ವಾಲಬಲ್ಲದು. ರೇಖಾಗಣಿತದ ಈ ಪಾಠವನ್ನು ಆ ಹುಡುಗಿಗೆ ಕಲಿಸಿದ್ದು ಕುಸಿದ ಸೇತುವೆಗಳು. ಅವಳ ನೋಟುಪುಸ್ತಕದಲ್ಲಿ ಹಿಂದಿನ ಸೇತುವೆಗಳ ಚಿತ್ರಗಳಿದ್ದವು. ಒಂದೊಂದರ ಕೆಳಗೂ ಎಲ್ಲಿ ಮುರಿಯಿತು ಎಂದು ಬರೆದು ಬಾಣದ ಗುರುತು ಹಾಕಿದ್ದಳು.

ತಾವು ಕೊಟ್ಟ ನಮೂನೆಯಲ್ಲಿ ಐದು ಕಾಲಮುಗಳಿದ್ದವು: ಅಚ್ಚುಕಟ್ಟುತನ, ಪೂರ್ಣತೆ, ಕಾರ್ಯನಿರ್ವಹಣೆ, ವಿವರಣಾ ಫಲಕ, ನಿರರ್ಗಳ ಮಾತು. ಇದರಲ್ಲಿ ಎಲ್ಲಿ ಹುಡುಕಿದರೂ ಆ ನೋಟುಪುಸ್ತಕಕ್ಕೆ ಜಾಗವಿಲ್ಲ. ಕುಸಿದ ಸೇತುವೆಗೆ ಕಾರ್ಯನಿರ್ವಹಣೆಯಲ್ಲಿ ಸೊನ್ನೆ, "ಏಕೆಂದು ಇನ್ನೂ ಗೊತ್ತಾಗಿಲ್ಲ" ಎಂಬ ಪ್ರಾಮಾಣಿಕ ಮಾತಿಗೆ ನಿರರ್ಗಳತೆಯಲ್ಲಿ ಕಡಿತ. ಮೊದಲ ಬಹುಮಾನ ನೀರಾವರಿಗೆ ಹೋಯಿತು. ಹುಡುಗಿಗೆ ಎಲ್ಲರಿಗೂ ಕೊಡುವ ಭಾಗವಹಿಸಿದ ಪ್ರಮಾಣಪತ್ರ ಸಿಕ್ಕಿತು.

ಆ ಹುಡುಗನನ್ನು ದೂರಲು ನಾನು ಬರೆಯುತ್ತಿಲ್ಲ. ಫಲಿತಾಂಶಕ್ಕೆ ಮೊದಲು, ತಂದೆ ಫೋನಿನಲ್ಲಿ ಮಾತಾಡಲು ಹೊರಗೆ ಹೋದಾಗ, ಅವನು ಸೀದಾ ಬಂದದ್ದು ಸೇತುವೆಯ ಹತ್ತಿರಕ್ಕೆ. ಓರೆ ಕೊಳವೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದ. "ದಾರದ ಬದಲು ಅಗಲದ ಪಟ್ಟಿ ಸುತ್ತಿದರೆ?" ಎಂದು ಅವಳನ್ನು ಕೇಳಿದ. ಸಪೂರ ದಾರ ಭಾರವನ್ನೆಲ್ಲ ಒಂದೇ ಗೆರೆಯ ಮೇಲೆ ಹೇರುತ್ತದೆ, ಅಗಲದ ಪಟ್ಟಿ ಅದನ್ನು ಹಂಚುತ್ತದೆ. ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದ. ಅವನ ಸ್ವಂತ ಮೇಜಿನ ಮೇಲೆ ಮಾತ್ರ ಹೀಗೆ ಕೈ ಹಾಕುವಂತಹದ್ದು ಏನೂ ಇರಲಿಲ್ಲ.

ಬಹುಮಾನ ವಿತರಣೆಯಲ್ಲಿ ಅತಿಥಿಗಳು ಆಡಿದ ಮಾತು ತಮಗೂ ನೆನಪಿರಬಹುದು: ಇಂದಿನ ಮಕ್ಕಳಿಗೆ ಕಷ್ಟಪಡುವ ಮನಸ್ಸಿಲ್ಲ, ಎಲ್ಲವೂ ಸುಲಭವಾಗಿ ಸಿಗಬೇಕು. ಸಭೆ ಚಪ್ಪಾಳೆ ತಟ್ಟಿತು. ನನಗೆ ತಟ್ಟಲಾಗಲಿಲ್ಲ. ಮಕ್ಕಳು ಲೆಕ್ಕದಲ್ಲಿ ನಮಗಿಂತ ಚುರುಕು. ಯಾವುದಕ್ಕೆ ಮೆಚ್ಚುಗೆ, ಯಾವುದಕ್ಕೆ ಬೈಗುಳ, ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ನಾವು ಹೇಳುವುದಕ್ಕೆ ಮೊದಲೇ ಓದಿಕೊಂಡಿರುತ್ತಾರೆ. ಕಷ್ಟದ್ದನ್ನು ಆರಿಸಿಕೊಂಡವರಿಗೆ ನಷ್ಟ, ಸುಲಭದ್ದನ್ನು ಆರಿಸಿಕೊಂಡವರಿಗೆ ಲಾಭ ಎಂಬ ನಿಯಮ ಮಾಡಿದವರು ದೊಡ್ಡವರು. ಆ ನಿಯಮವನ್ನು ಚೆನ್ನಾಗಿ ಕಲಿತರು ಎಂದು ಮಕ್ಕಳನ್ನೇ ವೇದಿಕೆಯ ಮೇಲಿಂದ ಹಂಗಿಸುವುದು ಎಲ್ಲಿಯ ನ್ಯಾಯ?

ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಹಾರ್ಟರ್ 1978ರಲ್ಲಿ ಆರನೆಯ ತರಗತಿಯ ಮಕ್ಕಳಿಗೆ, ಅದಲುಬದಲಾದ ಅಕ್ಷರಗಳಿಂದ ಪದ ಕಟ್ಟುವ ಒಗಟುಗಳನ್ನು ಕೊಟ್ಟರು. ಕೆಲವು ಸುಲಭ, ಕೆಲವು ಕಷ್ಟ; ಆಯ್ಕೆ ಮಕ್ಕಳದ್ದೇ. ಒಂದು ಗುಂಪಿಗೆ ಇದು ಆಟ ಎಂದರು, ಇನ್ನೊಂದು ಗುಂಪಿಗೆ ಇದಕ್ಕೆ ಶ್ರೇಣಿ ಕೊಡುತ್ತೇವೆ ಎಂದರು. ಶ್ರೇಣಿಯ ಮಾತು ಕೇಳಿದ ಮಕ್ಕಳು ಹೆಚ್ಚು ಸುಲಭದ ಒಗಟುಗಳನ್ನೇ ಆರಿಸಿಕೊಂಡರು. ಬಿಡಿಸಿದಾಗಿನ ಖುಷಿಯೂ ಅವರಲ್ಲಿ ಕಡಿಮೆ ಕಂಡಿತು, ಆತಂಕ ಹೆಚ್ಚು ಕಂಡಿತು. ಎರಡೂ ಕಡೆ ಅದೇ ವಯಸ್ಸಿನ ಮಕ್ಕಳು, ಅದೇ ಒಗಟುಗಳು. ಬದಲಾದದ್ದು ದೊಡ್ಡವರ ಒಂದು ಮಾತು.

ಶನಿವಾರ ಮಧ್ಯಾಹ್ನ ನಾನು ಗಣಿತ ಹೇಳಿಕೊಡುವ ಮಕ್ಕಳಲ್ಲೂ ಇದನ್ನೇ ಕಾಣುತ್ತೇನೆ. ಹೊಸ ಬಗೆಯ ಲೆಕ್ಕ ಬರೆದ ಕೂಡಲೇ ಬರುವ ಮೊದಲ ಪ್ರಶ್ನೆ, "ಇದಕ್ಕೆ ಅಂಕ ಇದೆಯಾ ಸರ್?" ಇಲ್ಲ ಎಂದರೆ ಕೆಲವರು ಪುಸ್ತಕ ಮುಚ್ಚುತ್ತಾರೆ, ನಿಜ. ಆದರೆ ಬಹಳ ಮಂದಿಯ ಭುಜ ಸಡಿಲವಾಗುತ್ತದೆ, ಪೆನ್ನು ಬದಿಗಿಟ್ಟು ಪೆನ್ಸಿಲ್ ಹಿಡಿಯುತ್ತಾರೆ, ಪಕ್ಕದವರ ಜೊತೆ ಜಗಳವಾಡುತ್ತಾ ಗೀಚತೊಡಗುತ್ತಾರೆ. ತಪ್ಪಾದರೆ ಕಳೆದುಕೊಳ್ಳುವುದೇನೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರ ಧೈರ್ಯ ಹೊರಗೆ ಬರುತ್ತದೆ.

ಇನ್ನು ಹೊಗಳಿಕೆಯ ವಿಷಯ. ಪ್ರತಿಭಾ ಪುರಸ್ಕಾರದ ದಿನ "ಹುಟ್ಟು ಜಾಣ", "ಅಪ್ರತಿಮ ಬುದ್ಧಿವಂತೆ" ಎಂಬ ಮಾತುಗಳು ಧಾರಾಳವಾಗಿ ಹರಿದವು. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತುಗಳು. ಆದರೂ ಅವು ಮಾಡುವ ಕೆಲಸ ಬೇರೆ. ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದನೆಯ ತರಗತಿಯ ಮಕ್ಕಳು ಕೆಲವು ಸಮಸ್ಯೆ ಬಿಡಿಸಿದ ಮೇಲೆ, ಒಂದು ಗುಂಪಿನವರಿಗೆ "ನೀನು ಬುದ್ಧಿವಂತ ಇರಬೇಕು" ಎಂದರು, ಇನ್ನೊಂದು ಗುಂಪಿನವರಿಗೆ "ನೀನು ಶ್ರಮಪಟ್ಟಿರಬೇಕು" ಎಂದರು. ಒಂದೇ ಒಂದು ವಾಕ್ಯದ ವ್ಯತ್ಯಾಸ. ಮುಂದೆ ಯಾವ ಬಗೆಯ ಸಮಸ್ಯೆ ಬೇಕು ಎಂದು ಕೇಳಿದಾಗ, ಬುದ್ಧಿವಂತ ಎನಿಸಿಕೊಂಡವರಲ್ಲಿ ಹೆಚ್ಚಿನವರು ತಮ್ಮ ಜಾಣತನ ತೋರಿಸಬಲ್ಲ ಸಲೀಸಾದವನ್ನು ಕೇಳಿದರು. ಶ್ರಮಕ್ಕೆ ಮೆಚ್ಚುಗೆ ಪಡೆದವರಲ್ಲಿ ಬಹುತೇಕರು ಹೊಸದೇನಾದರೂ ಕಲಿಯಬಹುದಾದವನ್ನು ಕೇಳಿದರು. ಬಳಿಕ ಬೇಕೆಂದೇ ಕಠಿಣ ಸಮಸ್ಯೆಗಳನ್ನು ಕೊಟ್ಟು ಎಲ್ಲರನ್ನೂ ಎಡವಿಸಿ, ಕೊನೆಗೆ ಮತ್ತೆ ಮೊದಲಿನಷ್ಟೇ ಮಟ್ಟದವನ್ನು ಕೊಟ್ಟರು. ಮೊದಲ ಗುಂಪು ತನ್ನದೇ ಹಿಂದಿನ ಸಾಧನೆಗಿಂತ ಕೆಳಗಿಳಿಯಿತು, ಎರಡನೆಯದು ಮೇಲೇರಿತು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ತಮಗೆ ಬಂದ ಅಂಕವನ್ನು ಗುರುತು ಪರಿಚಯವಿಲ್ಲದ ಇನ್ನೊಂದು ಮಗುವಿಗೆ ಬರೆದು ತಿಳಿಸಲು ಹೇಳಿದಾಗ, ಬುದ್ಧಿವಂತ ಎನಿಸಿಕೊಂಡ ಗುಂಪಿನಲ್ಲಿ ಹತ್ತರಲ್ಲಿ ಹೆಚ್ಚುಕಡಿಮೆ ನಾಲ್ವರು ಅಂಕ ಏರಿಸಿ ಬರೆದರು. ಜಾಣನೆಂಬ ಬಿರುದು ಹೊತ್ತ ಮಗುವಿಗೆ ಅದನ್ನು ಕಾಪಾಡಿಕೊಳ್ಳುವುದೇ ಒಂದು ದುಡಿಮೆಯಾಗಿಬಿಡುತ್ತದೆ.

"ನಾವೂ ಶಾಲೆಯಲ್ಲಿ ಈ ವಿಚಾರಕ್ಕೆ ಒತ್ತು ಕೊಟ್ಟಿದ್ದೇವೆ" ಎಂದು ತಾವು ಹೇಳಬಹುದು. ಮೆಟ್ಟಿಲಿನ ಗೋಡೆಯ ಮೇಲೆ "ಸೋಲೇ ಗೆಲುವಿನ ಸೋಪಾನ" ಎಂಬ ದೊಡ್ಡ ಫಲಕವನ್ನು ನಾನೂ ನೋಡಿದ್ದೇನೆ. ಅದರ ಕೆಳಗೇ ಸೂಚನಾ ಫಲಕ, ಅದರಲ್ಲಿ ಕಿರುಪರೀಕ್ಷೆಯ ಅಂಕಗಳ ಏರುಪಟ್ಟಿ, ಕೊನೆಯ ಹೆಸರುಗಳ ಕೆಳಗೆ ಕೆಂಪು ಗೆರೆ. ಮಗು ಯಾವುದನ್ನು ನಂಬಬೇಕು? ಡೇವಿಡ್ ಯೇಗರ್ ಮತ್ತು ಸಂಗಡಿಗರು 2019ರಲ್ಲಿ ಅಮೆರಿಕದ ಒಂಬತ್ತನೆಯ ತರಗತಿಯ ಸುಮಾರು 12,000 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದ ವರದಿ ಹೊರತಂದರು. ಬುದ್ಧಿಶಕ್ತಿ ಬೆಳೆಯಬಲ್ಲದು ಎಂದು ತಿಳಿಸುವ, ಒಟ್ಟು ಒಂದು ಗಂಟೆಯೂ ಹಿಡಿಯದ ಪಾಠ ಅದು. ಹಿಂದುಳಿದಿದ್ದ ಮಕ್ಕಳ ಅಂಕ ತುಸು ಏರಿತು. ಬಹಳವೇನಲ್ಲ, ಗರಿಷ್ಠ ನಾಲ್ಕರ ಆಸುಪಾಸಿನ ಶ್ರೇಣಿ ಮಾಪಕದಲ್ಲಿ ಸುಮಾರು 0.1ರಷ್ಟು. ಆದರೆ ಯಾವ ಶಾಲೆಗಳಲ್ಲಿ ಕಷ್ಟದ್ದಕ್ಕೆ ಕೈ ಹಾಕುವುದು ಸಹಪಾಠಿಗಳ ನಡುವೆ ಸಹಜವೆನಿಸಿತ್ತೋ ಅಲ್ಲಿ ಪರಿಣಾಮ ಹೆಚ್ಚಿತ್ತು. ಉಪದೇಶಕ್ಕೆ ಸುತ್ತಲಿನ ವಾತಾವರಣ ಒತ್ತಾಸೆಯಾಗಿ ನಿಲ್ಲದಿದ್ದರೆ ಗೋಡೆಯ ಬರಹ ಗೋಡೆಯ ಮೇಲೇ ಉಳಿಯುತ್ತದೆ.

ಪೋಷಕರಾದ ನಾವೇನೂ ಸಾಚಾಗಳಲ್ಲ. ತರಗತಿಯ ವಾಟ್ಸ್‌ಆ್ಯಪ್ ಗುಂಪನ್ನು ಯಾವ ರಾತ್ರಿ ತೆರೆದರೂ "ಏಳನೆಯ ಲೆಕ್ಕದ ಉತ್ತರ ಯಾರಾದರೂ ಹಾಕಿ" ಎಂಬ ಸಂದೇಶ ಇದ್ದೇ ಇರುತ್ತದೆ. ಹಾಕುವವರೂ ಇರುತ್ತಾರೆ. ಕೇಳಿದವರು ಮಗುವಲ್ಲ, ಉತ್ತರಿಸಿದವರೂ ಮಗುವಲ್ಲ. ಮಗು ನಕಲು ಮಾಡಿ ಮಲಗುತ್ತದೆ. ಪ್ರಶ್ನೆಯ ಫೋಟೊ ತೆಗೆದರೆ ಹಂತಹಂತವಾಗಿ ಉತ್ತರ ಕೊಡುವ ಮೊಬೈಲ್ ಬಂದ ಮೇಲೆ ಗುಂಪಿನ ಗೊಡವೆಯೂ ಬೇಕಿಲ್ಲ. ಜೂಲಿಯಾ ಲೆನರ್ಡ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನಾಲ್ಕು, ಐದು ವರ್ಷದ ಮಕ್ಕಳದ್ದು. ಕಷ್ಟದ ಕೆಲಸದಲ್ಲಿ ತೊಡಗಿದ್ದ ಮಗುವಿನ ಕೈಯಿಂದ ದೊಡ್ಡವರು ಅದನ್ನು ಕಿತ್ತುಕೊಂಡು ತಾವೇ ಮುಗಿಸಿಕೊಟ್ಟಾಗ, ಮುಂದೆ ಕೊಟ್ಟ ಹೊಸ ಕೆಲಸವನ್ನು ಆ ಮಕ್ಕಳು ಬೇಗನೆ ಕೈಬಿಟ್ಟರು. ಸಹಾಯ ಮಾಡುವುದು ಒಂದು, ಕಸಿದುಕೊಳ್ಳುವುದು ಇನ್ನೊಂದು. ನೀರಾವರಿಯ ಮಾದರಿಯ ಹಿಂದೆ ನಿಂತಿದ್ದ ತಂದೆ ಮಗನ ಮೇಲಿನ ಪ್ರೀತಿಯಿಂದಲೇ ನಿಂತಿದ್ದರು. ಆದರೆ ಅಂತಹ ಪ್ರೀತಿಗೆ ಶಾಲೆ ಮೊದಲ ಬಹುಮಾನ ಕೊಟ್ಟರೆ, ಮುಂದಿನ ಸಲ ದೂರ ನಿಲ್ಲುವ ತಂದೆ ಮೂರ್ಖನೆನಿಸಿಕೊಳ್ಳುತ್ತಾನೆ.

ಕಚೇರಿಯಲ್ಲಿ ತಾವೇ ಕೇಳಿದ ಪ್ರಶ್ನೆ ನ್ಯಾಯವಾದದ್ದು: "ಕೊನೆಗೆ ದೊಡ್ಡ ಪರೀಕ್ಷೆಯಲ್ಲಿ ಅಂಕ ಬೇಕಲ್ಲ?" ಬೇಕು. ಅಂಕದ ಮೇಲೆ ಮುಂದಿನ ಓದು ನಿಂತಿರುವಾಗ ಅದನ್ನು ಹೀಗಳೆಯುವುದು ಹೊಟ್ಟೆ ತುಂಬಿದವರ ಮಾತು. ಆದರೆ ಸುಲಭದ ದಾರಿಯಿಂದ ಅಂಕವಾದರೂ ಸಿಗುತ್ತದೆಯೇ ನೋಡಿ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಓದಲು ಗದ್ಯಭಾಗ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಒಂದು ಅವಧಿ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಲು ಮತ್ತೆ ಮತ್ತೆ ಒದ್ದಾಡಿದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಓದಿದವರೇ ಮುಂದು. ಒಂದು ವಾರದ ನಂತರ ಲೆಕ್ಕ ತಿರುಗಿತು: ಬರೀ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇಕಡ 40, ಒದ್ದಾಡಿದವರಿಗೆ ಶೇಕಡ 61. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ನಂಬಿಕೆ ಮಾತ್ರ ಬರೀ ಓದಿದವರಲ್ಲೇ ಹೆಚ್ಚಿತ್ತು. ಸಲೀಸಾಗಿ ಓದಿಸಿಕೊಂಡು ಹೋಗುವುದನ್ನೇ ಕಲಿಕೆ ಎಂದುಕೊಳ್ಳುವ ಭ್ರಮೆಯಲ್ಲಿ ಮಕ್ಕಳ ಜೊತೆ ನಾವೂ ಇದ್ದೇವೆ.

ಹಾಗೆಂದು ಕಷ್ಟವಾದದ್ದೆಲ್ಲ ಒಳ್ಳೆಯದು ಎಂದು ನಾನು ವಾದಿಸುತ್ತಿಲ್ಲ. ಭಿನ್ನರಾಶಿ ಕೂಡಲು ಬಾರದ ಮಗುವಿಗೆ ಬೀಜಗಣಿತದ ಸಮೀಕರಣ ಕೊಟ್ಟು "ಸವಾಲು ಸ್ವೀಕರಿಸು" ಎನ್ನುವುದು ಅವಮಾನವೇ ಹೊರತು ಪ್ರೋತ್ಸಾಹವಲ್ಲ. ಅಕ್ಷರಗಳನ್ನು ಗುರುತಿಸಿ ಓದುವುದೇ ತೊಡಕಾಗಿರುವ ಮಗು ಒಂದು ಪುಟ ಮುಗಿಸುವಷ್ಟರಲ್ಲಿ ಉಳಿದವರ ಎರಡರಷ್ಟು ದುಡಿದಿರುತ್ತದೆ. ಅದಕ್ಕೆ ಇನ್ನಷ್ಟು ಸಮಯ ಕೊಡಬೇಕು, ಇನ್ನಷ್ಟು ಭಾಷಣವನ್ನಲ್ಲ. ಮಗು ಒಂಟಿಯಾಗಿ ಮಾಡಲಾಗದ, ಆದರೆ ಬಲ್ಲವರು ಪಕ್ಕದಲ್ಲಿದ್ದರೆ ಮಾಡಬಲ್ಲ ಕೆಲಸಗಳ ಒಂದು ವಲಯವಿದೆ, ಕಲಿಕೆ ನಡೆಯುವುದು ಅಲ್ಲಿ ಎಂದವರು 1934ರಲ್ಲಿ ತೀರಿಕೊಂಡ ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೊಟ್‌ಸ್ಕಿ. ಆ ವಲಯ ಮಗುವಿನಿಂದ ಮಗುವಿಗೆ ಬೇರೆ. ಅದನ್ನು ಗುರುತಿಸಬಲ್ಲವರು ದಿನವೂ ಮಗುವನ್ನು ನೋಡುವ ಶಿಕ್ಷಕರು; ಅದಕ್ಕೆ ಬೇಕಾದ ಪುರುಸೊತ್ತನ್ನು ಅವರಿಗೆ ಉಳಿಸಿಕೊಡಬೇಕಾದವರು ತಾವು. ಪಾಠ ಮುಗಿಸುವ ಗಡುವು ಕುತ್ತಿಗೆಯ ಮೇಲೆ ಕೂತಿರುವಾಗ ಯಾವ ಶಿಕ್ಷಕಿ ತಾನೇ "ಇನ್ನೊಂದು ಬಗೆಯಲ್ಲಿ ಮಾಡಿ ನೋಡು" ಎಂದು ಕಾಯುತ್ತಾ ನಿಲ್ಲಬಲ್ಲಳು?

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆಗಳು. ಇವುಗಳಲ್ಲಿ ಯಾವುದಕ್ಕೂ ದುಡ್ಡು ಬೇಕಿಲ್ಲ, ಮೇಲಿನವರ ಅನುಮತಿ ಬೇಕಿಲ್ಲ.

ವಸ್ತುಪ್ರದರ್ಶನದ ನಮೂನೆಯನ್ನು ಬದಲಾಯಿಸಿ. ಒಟ್ಟು ಅಂಕದಲ್ಲಿ ಅರ್ಧದಷ್ಟಾದರೂ ಎರಡು ಪ್ರಶ್ನೆಗಳಿಗೆ ಮೀಸಲಿರಲಿ: ಎಲ್ಲಿ ಕೆಟ್ಟಿತು, ಕೆಟ್ಟ ಮೇಲೆ ಏನು ಬದಲಾಯಿಸಿದೆ? ಮಾದರಿಯ ಜೊತೆ ಕೆಲಸದ ನೋಟುಪುಸ್ತಕ ಕಡ್ಡಾಯವಾಗಲಿ. ಮಾದರಿಗಳನ್ನು ಶಾಲೆಯಲ್ಲೇ, ಶಾಲೆಯ ವೇಳೆಯಲ್ಲೇ ಕಟ್ಟಲಿ. ಕಡಿಮೆ ಅಚ್ಚುಕಟ್ಟಾಗಿರುತ್ತವೆ, ಇರಲಿ. ಮನೆಯಲ್ಲಿ ಕೈಜೋಡಿಸಲು ಯಾರೂ ಇಲ್ಲದ ಮಗುವಿಗೂ ಆಗ ಸಮಾನ ಅವಕಾಶ ಸಿಗುತ್ತದೆ. ಈಗಿನ ಪದ್ಧತಿಯ ಈ ಅನ್ಯಾಯದ ಬಗ್ಗೆ ಬೇರೆಯೇ ಪತ್ರ ಬರೆಯಬಹುದು. ಮೇಜಿನ ಬಳಿ ಪೋಷಕರು ನಿಲ್ಲುವಂತಿಲ್ಲ ಎಂಬ ನಿಯಮವೂ ಬರಲಿ. ಮುನಿಸಿಕೊಳ್ಳುವವರನ್ನು ನನ್ನ ಹತ್ತಿರ ಕಳಿಸಿ.

ಕಿರುಪರೀಕ್ಷೆಗಳ ಏರುಪಟ್ಟಿಯನ್ನು ಸೂಚನಾ ಫಲಕದಿಂದ ತೆಗೆಯಿರಿ. ಅಂಕ ಮಗುವಿಗೂ ಮನೆಯವರಿಗೂ ತಿಳಿದರೆ ಸಾಕು. ವಾರದಲ್ಲಿ ಒಂದು ಅವಧಿ, ಗಣಿತವಾಗಲಿ ಭಾಷೆಯಾಗಲಿ, ಅಂಕವಿಲ್ಲದ ಕಠಿಣ ಪ್ರಶ್ನೆಗಳಿಗೆಂದು ಮೀಸಲಿಡಿ. ಆ ಪ್ರಶ್ನೆಗಳು ಶಿಕ್ಷಕರಿಗೂ ಹೊಸವಾಗಿದ್ದರೆ ಇನ್ನೂ ಒಳ್ಳೆಯದು. ಶಿಕ್ಷಕರು ಕಪ್ಪುಹಲಗೆಯ ಮುಂದೆ ತಡವರಿಸಿ, ಬರೆದದ್ದನ್ನು ಒರೆಸಿ, ಮತ್ತೆ ಆರಂಭಿಸುವುದನ್ನು ಮಕ್ಕಳು ನೋಡಲಿ. ಇದರಿಂದ ಶಿಕ್ಷಕರ ಗೌರವಕ್ಕೆ ಕುಂದು ಬರುತ್ತದೆ ಎಂದು ಹಿಂಜರಿಯಬೇಡಿ. ದೊಡ್ಡವರು ಹೆಣಗಾಡಿ ಗೆಲ್ಲುವುದನ್ನು ನೋಡಿದ ಹದಿನೈದು ತಿಂಗಳ ಕೂಸುಗಳು ಕೂಡ, ದೊಡ್ಡವರು ಸಲೀಸಾಗಿ ಮುಗಿಸುವುದನ್ನು ನೋಡಿದ ಕೂಸುಗಳಿಗಿಂತ ಹೆಚ್ಚು ಸಲ ಪ್ರಯತ್ನಿಸಿದವು ಎಂಬುದನ್ನು ಲೆನರ್ಡ್ ಅವರದೇ 2017ರ ಪ್ರಯೋಗ ತೋರಿಸಿದೆ. ಏಳನೆಯ ತರಗತಿಯವರಿಗೆ ಇದು ಅರ್ಥವಾಗದೇ ಇರುತ್ತದೆಯೇ?

ಪೋಷಕರ ಸಭೆಯಲ್ಲಿ ಮನೆಗೆಲಸದ ಬಗ್ಗೆ ಒಂದು ಒಪ್ಪಂದ ಮಾಡಿಕೊಳ್ಳೋಣ. ಬಿಡಿಸಲಾಗದ ಲೆಕ್ಕವನ್ನು ಎಲ್ಲಿಯವರೆಗೆ ಮಾಡಿತೋ ಅಲ್ಲಿಗೆ ನಿಲ್ಲಿಸಿ, ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಒಂದು ಸಾಲು ಬರೆದು ತಂದ ಮಗುವಿಗೆ ಪೂರ್ಣ ಮನೆಗೆಲಸ ಮಾಡಿದಷ್ಟೇ ಮನ್ನಣೆ ಸಿಗಲಿ. ಈ ಒಂದು ಭರವಸೆ ಶಾಲೆಯಿಂದ ಬಂದರೆ ವಾಟ್ಸ್‌ಆ್ಯಪ್ ಗುಂಪಿನ ಅರ್ಧ ಸಂದೇಶಗಳು ತಾವಾಗಿ ನಿಲ್ಲುತ್ತವೆ. ಇಂದು ಅಪೂರ್ಣ ಪುಟಕ್ಕೆ ಬೈಗುಳ, ನಕಲಾದ ಪೂರ್ಣ ಪುಟಕ್ಕೆ ಸರಿ ಗುರುತು. ಇದು ತಿಳಿದಿರುವ ತಾಯಂದಿರು ರಾತ್ರಿ ಉತ್ತರ ಕೇಳುವುದರಲ್ಲಿ ಆಶ್ಚರ್ಯವೇನಿದೆ?

ಮುಂದಿನ ವಸ್ತುಪ್ರದರ್ಶನದ ಸುತ್ತೋಲೆ ಹೊರಡುವ ಮೊದಲು ಹೊಸ ನಮೂನೆ ಸಿದ್ಧವಾಗಬೇಕು. ಆಮೇಲೆ "ಈ ವರ್ಷಕ್ಕೆ ತಡವಾಯಿತು" ಎಂಬ ಮಾತು ಬರುತ್ತದೆ. ಕರಡನ್ನು ನಾನೇ ಬರೆದು ಈ ಪತ್ರದ ಜೊತೆ ಕಚೇರಿಗೆ ತಲುಪಿಸಿದ್ದೇನೆ. ತಿದ್ದುವುದಿದ್ದರೆ ತಿದ್ದಿ. ವಿಜ್ಞಾನ ಶಿಕ್ಷಕರ ಜೊತೆ ಕೂತು ಚರ್ಚಿಸಲು ಯಾವ ಶನಿವಾರ ಕರೆದರೂ ಬರುತ್ತೇನೆ. ಒಪ್ಪಿಗೆಯಿಲ್ಲದಿದ್ದರೆ ಏಕಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ನಮೂನೆ ಈಗಿರುವಂತೆಯೇ ಉಳಿಯುವುದಾದರೆ ತೀರ್ಪುಗಾರರ ಪಟ್ಟಿಯಿಂದ ನನ್ನ ಹೆಸರನ್ನು ದಯವಿಟ್ಟು ಕೈಬಿಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪೋಷಕ, ಈ ಸಾಲಿನ ತೀರ್ಪುಗಾರರಲ್ಲೊಬ್ಬ